ಬರೆದು ಕೊಡುತ್ತೇನೆ ಎಂದಿದ್ದಿರಿ

ನಮ್ಮ ವಿದ್ಯುತ್ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಕಚೇರಿಯ ಮೇಲಿರುವ ಹೊರೆ ನನಗೆ ಗೊತ್ತಿಲ್ಲದ್ದೇನಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದ ರಾತ್ರಿ ನಿಮ್ಮ ಲೈನ್‌ಮನ್‌ಗಳು ಕಂಬ ಹತ್ತಿ ಕೆಲಸ ಮಾಡಿದ್ದನ್ನು ನಮ್ಮ ಬಡಾವಣೆಯವರೆಲ್ಲ ನೋಡಿದ್ದೇವೆ. ಅವರ ಬಗ್ಗೆ ನನಗೆ ಗೌರವವಿದೆ, ಈ ದೂರು ಅವರ ಮೇಲಲ್ಲ. 1912ಕ್ಕೆ ಫೋನ್ ಮಾಡಿದ್ದಾಯಿತು, ಅರ್ಜಿ ಕೊಟ್ಟಿದ್ದಾಯಿತು, ಕೌಂಟರ್ ಮುಂದೆ ನಿಂತದ್ದಾಯಿತು, ಗ್ರಾಹಕರ ಸಂವಾದ ಸಭೆಯಲ್ಲಿ ಎದ್ದು ಕೇಳಿದ್ದೂ ಆಯಿತು. ಇನ್ನು ಪತ್ರಿಕೆಯಲ್ಲಿ ಕೇಳುವುದೊಂದೇ ಬಾಕಿ.

ವಿಷಯ ನಮ್ಮ ಕಡೆಯವರಿಗೆ ಗೊತ್ತಿರುವುದೇ. ಚಳಿಗಾಲದ ಒಂದು ತಿಂಗಳು ಮೀಟರ್ ರೀಡಿಂಗ್‌ಗೆ ನಿಮ್ಮವರು ಒಂದು ವಾರ ತಡವಾಗಿ ಬಂದರು. ಮನೆ ಬೀಗ ಹಾಕಿತ್ತು ಎನ್ನುವ ಹಾಗಿಲ್ಲ, ನಮ್ಮ ಕಟ್ಟಡದ ಮೀಟರ್‌ಗಳೆಲ್ಲ ಕೆಳಗೆ ಪಾರ್ಕಿಂಗ್‌ನಲ್ಲೇ ಇವೆ. ಹೀಗಾಗಿ ನನ್ನ ಬಿಲ್ 37 ದಿನದ್ದು, ಯೂನಿಟ್ 214. ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯ ತಿಂಗಳಿಗೆ 200 ಯೂನಿಟ್‌ನ ಗೆರೆ ದಾಟಿತೆಂದು ಪೂರ್ತಿ ಮೊತ್ತ ಬಂತು.

ನೀವು ಸಭೆಯಲ್ಲಿ ಹೇಳಿದ ಮಾತು ನಿಮಗೆ ನೆನಪಿರಬೇಕು: "ಮೇಡಂ, ಒಂದು ವಾರ ಟೈಮ್ ಕೊಡಿ. ಪ್ರತಿ ಸಾಲೂ ಹೇಗೆ ಬಂತು ಅಂತ ನಾನೇ ಬರೆದು ಕೊಡ್ತೀನಿ." ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು. ನಾನು ಕೈಮುಗಿದು ಕುಳಿತೆ. ಆ ಪತ್ರ ಇವತ್ತಿಗೂ ಬಂದಿಲ್ಲ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತಳಾದವಳು ನಾನು. ಬರೆದು ಕೊಡುತ್ತೇನೆ ಎಂಬ ಮಾತಿಗೆ ನನ್ನ ಲೆಕ್ಕದಲ್ಲಿ ತೂಕವಿದೆ. ನೀವು ಬರೆಯಲಿಲ್ಲವಾದ್ದರಿಂದ ನಾನೇ ಬರೆದು ನೋಡಿದೆ. 214 ಯೂನಿಟ್ಟನ್ನು 37 ದಿನಕ್ಕೆ ಹಂಚಿದರೆ ದಿನಕ್ಕೆ ಆರಕ್ಕಿಂತ ಕಡಿಮೆ. ಮೂವತ್ತು ದಿನಕ್ಕೆ 173 ಅಥವಾ 174. ನನ್ನ 2022-23ರ ಸರಾಸರಿ 170, ಅದರ ಮೇಲೆ ಶೇ 10 ಸೇರಿದರೆ ನನ್ನ ಉಚಿತ ಮಿತಿ 187. ಅಂದರೆ ರೀಡಿಂಗ್ ಹೊತ್ತಿಗೆ ಸರಿಯಾಗಿ ಆಗಿದ್ದರೆ ನಾನು ಕಟ್ಟಬೇಕಾದದ್ದು ಸೊನ್ನೆ. ತಡವಾಗಿದ್ದಕ್ಕೆ ಮಂಜೂರಾದ 5 ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ 725, ಯೂನಿಟ್‌ಗೆ 5.80ರಂತೆ 1,241, ವಿದ್ಯುತ್ ನೌಕರರ ಪಿಂಚಣಿ ಬಾಬ್ತು ಯೂನಿಟ್‌ಗೆ 36 ಪೈಸೆಯಂತೆ 77, ಶೇ 9 ತೆರಿಗೆ ಸುಮಾರು 112. ಇಂಧನ ಹೊಂದಾಣಿಕೆಯನ್ನು ಬಿಟ್ಟರೂ 2,150 ರೂಪಾಯಿ ದಾಟಿತು. 37 ದಿನದ ಯೂನಿಟ್ಟಿಗೆ ಒಂದು ತಿಂಗಳ ಮಿತಿ ಹಾಕಿದ್ದು ಯಾವ ಲೆಕ್ಕದಲ್ಲಿ? ನನ್ನ ಪ್ರಶ್ನೆ ಇಷ್ಟೇ. ಉತ್ತರಕ್ಕೆ ಅರ್ಧ ಪುಟ ಸಾಕಿತ್ತು.

ಉತ್ತರದ ಬದಲು ನಿಮ್ಮ ಕೌಂಟರ್‌ನಲ್ಲಿ ಸಿಕ್ಕಿದ್ದು ಬೇರೆ. "ಒಬ್ಬರೇ ಇದ್ದೀರಿ, ಇಷ್ಟು ಕರೆಂಟ್ ಏನ್ ಮಾಡ್ತೀರಿ? ಪಿಜಿ ಗಿಜಿ ಇಟ್ಟಿದ್ದೀರಾ?" ಸಾಲಿನಲ್ಲಿ ನಿಂತವರು ತಿರುಗಿ ನನ್ನನ್ನು ನೋಡಿದರು. ಗಂಡ ತೀರಿಕೊಂಡ ಮೇಲೆ ಅದೇ ಮನೆಯಲ್ಲಿ ಮರ್ಯಾದೆಯಿಂದ ಬದುಕುತ್ತಿರುವ ಹೆಂಗಸಿಗೆ ನಾಲ್ಕು ಜನರೆದುರು ಕೇಳುವ ಮಾತೇ ಇದು?

ಕೇಳಿದ್ದೀರಲ್ಲ, ಹೇಳುತ್ತೇನೆ. ನಮ್ಮ ಕಟ್ಟಡದಲ್ಲಿ ಸಿಲಿಂಡರ್ ಇಡಲು ಸಂಘದ ಒಪ್ಪಿಗೆ ಇಲ್ಲ. ಪೈಪ್ ಗ್ಯಾಸ್ ನಮ್ಮ ರಸ್ತೆಗೆ ಬಂದಿಲ್ಲ. ಸೋಲಾರ್ ಬಿಸಿನೀರು ಮೇಲಿನ ಎರಡು ಮಹಡಿಗೆ ಮಾತ್ರ, ನಾನಿರುವುದು ಕೆಳಗೆ. ಒಲೆ ಇಂಡಕ್ಷನ್, ಸ್ನಾನಕ್ಕೆ ಗೀಸರ್, ಬೇರೆ ಗತಿಯಿಲ್ಲ. 25 ಲೀಟರ್ ಗೀಸರ್ ಒಂದು ಸಲ ಪೂರ್ತಿ ಕಾಯಲು ಸುಮಾರು ಒಂದು ಯೂನಿಟ್ ಬೇಕು. ಚಳಿಯಲ್ಲಿ ನಲ್ಲಿ ನೀರೇ ತಣ್ಣಗಿರುವುದರಿಂದ ಇನ್ನೂ ಸ್ವಲ್ಪ ಹೆಚ್ಚು. ಅದು ಕಾಯಿಸುವುದು ಟ್ಯಾಂಕಿನಲ್ಲಿರುವ ನೀರನ್ನು, ಮನೆಯಲ್ಲಿ ಎಷ್ಟು ಜನ ಇದ್ದಾರೆಂದು ಅದಕ್ಕೇನು ಗೊತ್ತು! ನಾನು ಒಂದು ಬಕೆಟ್ ಹಿಡಿದುಕೊಂಡು ಉಳಿದದ್ದು ಸುಮ್ಮನೆ ಆರುತ್ತದೆ. ಫ್ರಿಜ್ ಹಗಲು ರಾತ್ರಿ ಓಡುತ್ತದೆ, ಒಳಗೆ ಒಂದು ಪಾವು ಹಾಲಿದ್ದರೂ ಅಷ್ಟೆ, ತುಂಬಿದ್ದರೂ ಹೆಚ್ಚು ಕಡಿಮೆ ಅಷ್ಟೆ. ಕುಕ್ಕರ್ ಇಟ್ಟರೆ ಅರ್ಧ ಪಾವಿನ ಅನ್ನಕ್ಕೂ ಮೊದಲು ಕುಕ್ಕರ್ ಕಾಯಬೇಕು, ನೀರು ಕುದಿಯಬೇಕು. ಗಂಡ ಇದ್ದಾಗ ಇಬ್ಬರಿಗೆ ಖರ್ಚಾಗುತ್ತಿದ್ದ ಕರೆಂಟ್ ಈಗ ಅರ್ಧಕ್ಕೆ ಇಳಿಯಬೇಕೆಂದು ನಿಮ್ಮವರು ಎಣಿಸಿದ್ದರೆ, ಅವರು ಮನೆ ನಡೆಸಿ ಗೊತ್ತಿಲ್ಲದವರು. ಒಂಟಿಯಾಗಿರುವವರ ಮನೆಯಲ್ಲಿ ತಲಾ ಖರ್ಚು ಹೆಚ್ಚೇ ಇರುತ್ತದೆ. ಇದು ವಿದ್ಯುತ್ ಇಲಾಖೆಯವರಿಗೆ ನಾನು ಹೇಳಿಕೊಡಬೇಕಾದ ಪಾಠವಲ್ಲ.

ಸಭೆಯಲ್ಲಿ ನಿಮ್ಮ ಪಕ್ಕದಲ್ಲಿ ಕೂತವರೊಬ್ಬರು "ದರ ಇಳಿದಿದೆಯಲ್ಲ ಮೇಡಂ" ಎಂದರು. ಯೂನಿಟ್ ದರ 2025ರ ಏಪ್ರಿಲ್‌ನಲ್ಲಿ 5.90ರಿಂದ 5.80ಕ್ಕೆ ಇಳಿದದ್ದು ನಿಜ. ಅದೇ ಆದೇಶದಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145ಕ್ಕೆ ಏರಿತು. 173 ಯೂನಿಟ್ ಸುಡುವ ಮನೆಗೆ ಹತ್ತು ಪೈಸೆಯ ಉಳಿತಾಯ 17 ರೂಪಾಯಿ, 5 ಕಿಲೋವ್ಯಾಟ್‌ನ ಏರಿಕೆ 125. ಪಿಂಚಣಿ ಬಾಬ್ತು ಬೇರೆ. ಗೃಹಜ್ಯೋತಿಯ ಹೊರಗಿರುವ, ಇಲ್ಲವೇ ನನ್ನ ಹಾಗೆ ಗೆರೆಯಾಚೆ ತಳ್ಳಿಸಿಕೊಂಡ ಒಂಟಿ ಗ್ರಾಹಕರಿಗೆ ಇದು ಇಳಿಕೆಯೇ? ಗೀಸರ್, ಇಂಡಕ್ಷನ್ ಎರಡೂ ಇವೆಯೆಂದು ಬಿಲ್ಡರ್ ಪ್ರತಿ ಫ್ಲಾಟ್‌ಗೂ 5 ಕಿಲೋವ್ಯಾಟ್ ಮಂಜೂರು ಮಾಡಿಸಿದ. ಎರಡನ್ನೂ ಒಟ್ಟಿಗೆ ಹಾಕದ ನನಗೆ 3 ಸಾಕು. ಲೋಡ್ ಇಳಿಸಿಕೊಡಿ ಎಂದು ಕೊಟ್ಟ ಅರ್ಜಿ ನಿಮ್ಮ ಮೇಜಿನ ಯಾವ ಮೂಲೆಯಲ್ಲಿದೆಯೋ! ನೀವು ಬರೆದು ಕೊಡುತ್ತೇನೆ ಎಂದ ಪತ್ರದ ಜೊತೆಯಲ್ಲೇ ಅದೂ ಮಲಗಿದೆ.

ನನಗಾದರೂ ಹಳೆಯ ಸರಾಸರಿ ಇದೆ. ನಮ್ಮ ಮೇಲಿನ ಮನೆಗೆ ಹೊಸದಾಗಿ ಬಂದ ನರ್ಸ್ ಹುಡುಗಿಗೆ ಅದೂ ಇಲ್ಲ. ಹಿಂದಿನ ಬಳಕೆಯ ದಾಖಲೆ ಇಲ್ಲದವರಿಗೆ 2023ರಲ್ಲಿ ಯೋಜನೆ ಶುರುವಾದಾಗ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಮೇಲೆ ಶೇ 10 ಕೊಟ್ಟರು. 58 ಆಯಿತು. ಆ ಸರಾಸರಿಯಲ್ಲಿ ಗ್ಯಾಸ್ ಒಲೆಯ ಮನೆಯೂ ಇದೆ, ಹಂಡೆಯಲ್ಲಿ ಸೌದೆ ಉರಿಸುವ ಮನೆಯೂ ಇದೆ. ದಿನಕ್ಕೊಮ್ಮೆ ಗೀಸರ್, ಒಂದು ಯೂನಿಟ್‌ನ ಅಡುಗೆ ಎಂದರೆ ದೀಪ ಹಚ್ಚುವ ಮೊದಲೇ 58 ಮುಗಿಯಿತು. ಗ್ಯಾಸ್ ಬೇಡ, ಹೊಗೆ ಬೇಡ, ಕರೆಂಟ್ ಒಲೆಗೆ ಬನ್ನಿ ಎಂದು ಎಲ್ಲ ಕಡೆ ಹೇಳುತ್ತಾರೆ. ಬಂದವರನ್ನು ದುಂದುಗಾರರಂತೆ ನೋಡುತ್ತಾರೆ. ಯೋಜನೆ ಮಾಡಿದವರು ನೀವಲ್ಲ, ಒಪ್ಪುತ್ತೇನೆ. ದರ ನಿಗದಿ ಮಾಡುವುದು ನಿಯಂತ್ರಣ ಆಯೋಗ, ಅದನ್ನೂ ಒಪ್ಪುತ್ತೇನೆ. ಆದರೆ ವಾರ ತಡವಾಗಿ ಬಂದದ್ದು ನಿಮ್ಮ ರೀಡರ್, ಬರೆದು ಕೊಡುತ್ತೇನೆ ಎಂದದ್ದು ನೀವು.

ಬಿಲ್ಲಿನ ಅವಸ್ಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂಗೈ ಅಗಲದ ಚೀಟಿ, ಬಿಸಿಲಿಗೆ ಇಟ್ಟರೆ ಅಕ್ಷರ ಅಳಿಸಿ ಹೋಗುತ್ತದೆ. ಅದರಲ್ಲಿರುವ ಸಂಕ್ಷಿಪ್ತ ಪದಗಳನ್ನು ಬಿಡಿಸಿ ಹೇಳಲು ನಿಮ್ಮ ಕೌಂಟರ್‌ನವರಿಗೇ ಆಗಲಿಲ್ಲ. ಎಂಬತ್ತು ದಾಟಿದ ಒಂಟಿ ಜೀವಗಳು ನಮ್ಮ ಬೀದಿಯಲ್ಲಿವೆ, ಏನು ಬಂದರೂ ಮಾತಾಡದೆ ಕಟ್ಟಿ ಬರುತ್ತಾರೆ. ಕೇಳಿದರೆ ಕೌಂಟರ್‌ನಲ್ಲಿ ಏನು ಅನ್ನಿಸಿಕೊಳ್ಳಬೇಕೋ ಎಂಬ ಅಂಜಿಕೆ ಅವರಿಗೆ. ನಾನು ಅಂಜುವುದಿಲ್ಲ.

37 ದಿನದ ಬಿಲ್ಲನ್ನು ತಿಂಗಳ ಲೆಕ್ಕಕ್ಕೆ ತಂದು ತಿದ್ದಿಕೊಡಿ. ತಿದ್ದಲಾಗದಿದ್ದರೆ ಯಾವ ನಿಯಮದಂತೆ ಆಗದು ಎಂಬುದನ್ನು ಕನ್ನಡದಲ್ಲಿ ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕೊಡಿ. ಲೋಡ್ ಇಳಿಸುವ ಅರ್ಜಿಗೆ ಉತ್ತರ ಬೇಕು. ಕೌಂಟರ್‌ನಲ್ಲಿ ಆಡಿದ ಮಾತಿಗೆ ಆಡಿದವರಿಂದಲೇ ಕ್ಷಮೆ ಬೇಕು, ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ. ರೀಡಿಂಗ್ ತಡವಾದ ಇತರ ಮನೆಗಳ ಪಟ್ಟಿ ಮಾಡಿ ಅವರ ಬಿಲ್ಲನ್ನೂ ನೋಡಿ, ಅವರು ಕೇಳದಿದ್ದರೂ ನೋಡಿ. 2003ರ ವಿದ್ಯುತ್ ಕಾಯ್ದೆಯಡಿ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಈ ತಿಂಗಳ ಸಂವಾದ ಸಭೆಗೆ ನಾನು ಬರುತ್ತೇನೆ. ಅಷ್ಟರೊಳಗೆ ನಿಮ್ಮ ಪತ್ರ ನನ್ನ ಕೈ ಸೇರದಿದ್ದರೆ ಸಭೆಯ ನಂತರದ ಸೋಮವಾರವೇ ವೇದಿಕೆಗೆ ದೂರು ಹೋಗುತ್ತದೆ.

ಇತಿ,
ನಿಮ್ಮ ಉಪವಿಭಾಗದ ಒಬ್ಬ ಗ್ರಾಹಕಿ