ಮಾವನಿಗೆ ಬೇಕಿದ್ದದ್ದು ಬೇರೆ ಮರ

“ಇದೇನ್ ತಮ್ಮಾ, ಲೆಕ್ಕ ಕೇಳಿದ್ರ ಗಿಡಾ ತೋರಸಾಕತ್ತಿ?”

ನಾನು ಬರೆದ ಸಾಫ್ಟ್‌ವೇರಿಗೆ ಸಿಕ್ಕ ಮೊದಲ ವಿಮರ್ಶೆ ಇದು. ಕೊಟ್ಟವರು ನನ್ನ ಸೋದರಮಾವ. ಮಿಶ್ರಿಕೋಟಿಯಲ್ಲಿ ಅವರದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಅರ್ಧಕ್ಕರ್ಧ ವ್ಯಾಪಾರ ಉದ್ರಿ. ಮುಂಗಾರಿನಲ್ಲಿ ಗೋವಿನಜೋಳದ ಬೀಜ, ಯೂರಿಯಾ ಒಯ್ದವರು ಸೋಯಾ ಮಾರಿದ ಮೇಲೆ ಬಂದು ದುಡ್ಡು ಕೊಡ್ತಾರೆ. ಅಂಗಡಿಯ ಬಿಲ್ಲುಗಳು ಒಂದು ಕಡೆ, ಹುಬ್ಬಳ್ಳಿಯ ಲೆಕ್ಕಿಗರ ಟ್ಯಾಲಿ ಇನ್ನೊಂದು ಕಡೆ. ನಡುವೆ ನಾನು ಹಾಕಿದ ಸೇತುವೆ ಒಂದು ಪುಟ್ಟ ಜಾವಾ ಪ್ರೋಗ್ರಾಂ. ಅದು ಬಿಲ್ಲುಗಳನ್ನು ಟ್ಯಾಲಿಗೆ ಬೇಕಾದ ಎಕ್ಸ್‌ಎಂಎಲ್ ಫೈಲಾಗಿ ಬರೆಯುತ್ತದೆ. ಕಳಿಸುವ ಮುಂಚೆ ಮಾವ ಒಮ್ಮೆ ಕಣ್ಣಾಡಿಸಲಿ ಅಂತ ಆ ಫೈಲನ್ನು ಪರದೆ ಮೇಲೆ ಮರದ ಹಾಗೆ ತೋರಿಸಿದೆ. ಎಡಗಡೆ ಪ್ಲಸ್ ಗುರುತು, ಒತ್ತಿದರೆ ಕೊಂಬೆ, ಕೊಂಬೆಯ ಪ್ಲಸ್ ಒತ್ತಿದರೆ ಇನ್ನೊಂದು ಕೊಂಬೆ. ಒಂದು ಫಂಕ್ಷನ್ ತನ್ನನ್ನೇ ತಾನು ಕರೆದುಕೊಳ್ಳುತ್ತಾ ಹೋದರೆ ಆಯ್ತು, ಇಪ್ಪತ್ತು ಸಾಲಿನ ಕೆಲಸ. ಒಂದು ಸಂಜೆಯಲ್ಲಿ ಮುಗಿಸಿ ಬೆಂಗಳೂರಿನ ಬಸ್ ಹತ್ತಿದ್ದೆ. ನನಗೋ ಭಾರಿ ಹೆಮ್ಮೆ.

ಹೆಮ್ಮೆ ದೀಪಾವಳಿಯ ಮುಂದೆ ಇಳಿಯಿತು. ವರ್ಷದ ಬಾಕಿ ತೀರಿಸುವ ಹೊತ್ತು. ಮಾವ ಆ ಮರದಲ್ಲಿ ಹುಡುಕಿ ಹುಡುಕಿ ಒಬ್ಬ ಹಿರಿಯ ರೈತರ ಹೆಸರು ತೆಗೆದಿದ್ದಾರೆ. ಅವರ ಲೆಕ್ಕದ ಮುಂದೆ ಮೈನಸ್ 4,500 ಅಂತ ಇದೆ. ಸರಿ, ಬಾಕಿ ಅಂದುಕೊಂಡರು. ಅಂಗಡಿ ಮುಂದೆ ನಾಲ್ಕು ಜನ ಇರುವಾಗಲೇ ಕೇಳಿಬಿಟ್ಟರು. ಆ ಹಿರಿಯರು ಜಗಳ ಆಡಲಿಲ್ಲ. “ಸಾವಕಾರ್ರ, ಸೋಯಾ ಮಾರಿದ್ ದಿನಾನ ಕೊಟ್ಟೇನ್ರಿ. ಚೀಟಿ ನೀವ ಬರದ್ ಕೊಟ್ಟೀರಿ” ಅಂದು ಅಂಗಿ ಕಿಸೆಯಿಂದ ಮಡಚಿದ ಚೀಟಿ ತೆಗೆದು ಗಲ್ಲೆ ಮೇಲೆ ಇಟ್ಟು ಹೋದರು. ಮೂವತ್ತು ವರ್ಷದ ಗಿರಾಕಿ. ಮರುದಿನ ಮಾವ ಅವರ ಮನೆಗೇ ಹೋಗಿ ತಪ್ಪಾಯ್ತು ಅಂದು ಬಂದರು. ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: “ನಿನ್ನ ಗಿಡದಾಗ ಅಂವನ ಜಮಾ ಎಲ್ಲಿತ್ತು?”

ಇತ್ತು. ಸುಮಾರು ಮುನ್ನೂರು ಕೊಂಬೆ ಕೆಳಗೆ, ಮಡಚಿಕೊಂಡು ಕೂತಿತ್ತು. ಮಾವ ಅದರ ಪ್ಲಸ್ ಒತ್ತಿರಲಿಲ್ಲ, ಅಷ್ಟೇ.

ಇಲ್ಲಿ ತಪ್ಪು ಯಾರದು? ಆಫೀಸಿನಲ್ಲಿ ಈ ಕಥೆ ಹೇಳಿದಾಗ ಬಂದ ಉತ್ತರ ನಿಮಗೂ ಗೊತ್ತಿರುತ್ತೆ: “ಯೂಸರ್‌ಗೆ ಟ್ರೈನಿಂಗ್ ಕೊಡಬೇಕಿತ್ತು.” ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೂವತ್ತು ವರ್ಷ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿ ಒಂದು ರೂಪಾಯಿ ತಪ್ಪದ ಹಾಗೆ ಉದ್ರಿ ಬರೆದ ಮನುಷ್ಯನಿಗೆ ಲೆಕ್ಕ ನೋಡುವ ಟ್ರೈನಿಂಗ್ ನಾನು ಕೊಡಬೇಕೇ? ಟ್ರೈನಿಂಗ್ ಬೇಕಾಗಿದ್ದದ್ದು ನನಗೆ.

ಮೊದಲು ಆ ಮೈನಸ್ ನೋಡಿ. ಟ್ಯಾಲಿಯ ಎಕ್ಸ್‌ಎಂಎಲ್‌ನಲ್ಲಿ ಖರ್ಚಿನ ಬದಿಯ, ಅಂದರೆ ಡೆಬಿಟ್ ಮೊತ್ತಕ್ಕೆ ಮೈನಸ್ ಗುರುತು ಇರುತ್ತದೆ. ಉದ್ರಿ ಮಾರಾಟವಾದರೆ ರೈತರ ಹೆಸರಿನ ಮುಂದೆ ಮೈನಸ್. ಅವರು ದುಡ್ಡು ಕಟ್ಟಿದಾಗ ಅವರ ಹೆಸರಿನ ಮುಂದೆ ಪ್ಲಸ್, ನಗದಿನ ಮುಂದೆ ಮೈನಸ್. ಪಕ್ಕದಲ್ಲೇ ‘ಈಸ್ ಡೀಮ್ಡ್ ಪಾಸಿಟಿವ್: ಯೆಸ್’ ಅಂತ ಬೇರೆ ಇರುತ್ತದೆ. ಮೈನಸ್ ಅಂತೆ, ಆದರೂ ಪಾಸಿಟಿವ್ ಅಂತೆ! ಎರಡು ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಇದು ಸರಿಯಾಗಿಯೇ ಇದೆ. ಟ್ಯಾಲಿ ಕೂಡ ತನ್ನ ಪರದೆ ಮೇಲೆ ಇದನ್ನು ಹೀಗೆ ತೋರಿಸುವುದಿಲ್ಲ, ಡೆಬಿಟ್ ಕ್ರೆಡಿಟ್ ಅಂತ ಕಾಲಂ ಮಾಡಿ ತೋರಿಸುತ್ತದೆ. ಯಂತ್ರಗಳ ಆ ಪಿಸುಮಾತನ್ನು ಹಾಗೇ ಎತ್ತಿ ಮಾವನ ಮುಖಕ್ಕೆ ಹಿಡಿದವನು ನಾನು.

ಇದಕ್ಕಿಂತ ದೊಡ್ಡದೊಂದು ಸಮಸ್ಯೆ ಇದೆ. ಮರ ಅಂದರೆ ಒಂದು ಬೇರು, ಪ್ರತಿ ಕೊಂಬೆಗೂ ಒಬ್ಬನೇ ಅಪ್ಪ. ಎಕ್ಸ್‌ಎಂಎಲ್ ಫೈಲ್ ಹಾಗೇ ಇರುತ್ತದೆ, ಒಪ್ಪಿದೆ. ಆದರೆ ಜೂನಿನ ಮಾರಾಟದ ವೋಚರ್ ಮತ್ತು ಅಕ್ಟೋಬರಿನ ಜಮಾ ವೋಚರ್ ಒಬ್ಬನೇ ರೈತನವು ಅನ್ನುವ ಸಂಬಂಧ ಆ ಮರದಲ್ಲಿ ಯಾವ ಕೊಂಬೆಯಾಗಿಯೂ ಇಲ್ಲ. ಎರಡೂ ಕಡೆ ಅವನ ಹೆಸರು ಬರೀ ಅಕ್ಷರವಾಗಿ ಇದೆ, ಅಷ್ಟೇ. ಮಾವ ಕೇಳಿದ್ದು ಆ ಸಂಬಂಧವನ್ನೇ: ಯಾರು ಎಷ್ಟು ಒಯ್ದರು, ಎಷ್ಟು ಕೊಟ್ಟರು, ಎಷ್ಟು ಉಳಿಯಿತು. ಎಷ್ಟೇ ಪ್ಲಸ್ ಒತ್ತಿದರೂ ಅದು ಸಿಗುವುದಿಲ್ಲ, ಯಾಕಂದರೆ ಅಲ್ಲಿ ಇಲ್ಲವೇ ಇಲ್ಲ. ಕೂಡಿಸಿ ಕಳೆದು ತೋರಿಸಬೇಕಾದ ಕೆಲಸ ಪ್ರೋಗ್ರಾಮಿನದು. ನನ್ನ ಕಂಪ್ಯೂಟರ್ ಸುಮ್ಮನೆ ಕೂತು ಆ ಕೆಲಸವನ್ನು ಅರವತ್ತು ದಾಟಿದ ಮಾವನ ತಲೆಗೆ ಹಾಕಿತ್ತು.

ಈ ಚಾಳಿ ನಮಗೆ ಎಲ್ಲಿಂದ ಬಂತು? ಎಕ್ಸ್‌ಎಂಎಲ್ 1998ರ ಫೆಬ್ರವರಿಯಲ್ಲಿ ಡಬ್ಲ್ಯೂ3ಸಿ ಶಿಫಾರಸಾಗಿ ಬಂತು. ಅದರ ತಾಯಿ ಎಸ್‌ಜಿಎಂಎಲ್, 1986ರಲ್ಲಿ ಐಎಸ್‌ಒ ಮಾನಕವಾದದ್ದು, ದಸ್ತಾವೇಜುಗಳಿಗಾಗಿ ಹುಟ್ಟಿದ್ದು. ಒಳಗಿನ ಗುರುತು ಬೇರೆ, ಓದುಗರಿಗೆ ಕಾಣುವ ರೂಪ ಬೇರೆ ಇರಲಿ ಅನ್ನುವುದೇ ಅದರ ಮೂಲ ವಿಚಾರ. ರೂಪ ಕೊಡೋದಕ್ಕೆ ಅಂತಲೇ 1999ರಲ್ಲಿ ಎಕ್ಸ್‌ಎಸ್‌ಎಲ್‌ಟಿ ಬಂತು. ಅದೇ ವರ್ಷ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5, ರೂಪ ಇಲ್ಲದ ಎಕ್ಸ್‌ಎಂಎಲ್ ಫೈಲ್ ತೆರೆದರೆ ಪ್ಲಸ್ ಮೈನಸ್ ಗುರುತಿನ ಮರ ತೋರಿಸತೊಡಗಿತು. ಇವತ್ತು ಕ್ರೋಮ್‌ನಲ್ಲಿ ಅಂಥ ಫೈಲ್ ತೆರೆದು ನೋಡಿ. ಇದಕ್ಕೆ ಯಾವ ಶೈಲಿಯೂ ಜೋಡಿಸಿಲ್ಲ, ಅದಕ್ಕೇ ಬರೀ ಮರ ತೋರಿಸ್ತಿದ್ದೀನಿ ಅಂತ ಮೇಲೆಯೇ ಬರೆದಿರುತ್ತದೆ. ಬ್ರೌಸರ್ ಕೂಡ ಬೇರೆ ದಾರಿ ಇಲ್ಲ ಅಂತ ಹೇಳಿಕೊಂಡು ಮಾಡುವ ಕೆಲಸವನ್ನು ನಾವು ‘ಫೀಚರ್’ ಅಂತ ಮಾರ್ತೀವಿ.

ಮರದ ಪರ ವಾದ ಇಲ್ಲವೆಂದಲ್ಲ. ಯಾವ ಫೈಲ್ ಕೊಟ್ಟರೂ ನಡೆಯುತ್ತದೆ. ಏನನ್ನೂ ಮುಚ್ಚಿಡುವುದಿಲ್ಲ. ಗೊತ್ತಿಲ್ಲದ ಫೈಲ್ ಕೈಗೆ ಬಂದಾಗ ಒಳಗೆ ಏನಿದೆ ಅಂತ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ. ನಾನೂ ದಿನಾ ಬಳಸ್ತೀನಿ. ಆದರೆ ‘ಏನನ್ನೂ ಮುಚ್ಚಿಡುವುದಿಲ್ಲ’ ಅನ್ನೋದು ಸುಳ್ಳು. ಮಡಚಿದ ಕೊಂಬೆ ಅಂದರೆ ಮುಚ್ಚಿಟ್ಟದ್ದೇ. ಎಲ್ಲ ಬಿಚ್ಚಿಟ್ಟರೆ ಪರದೆಯಲ್ಲಿ ಒಂದು ವೋಚರ್ ಕೂಡ ಪೂರ್ತಿ ಹಿಡಿಸುವುದಿಲ್ಲ. ಮೇಲಾಗಿ ಫೈಲ್ ಓದಲು ಚೆಂದ ಕಾಣಲಿ ಅಂತ ಹಾಕಿದ ಖಾಲಿ ಜಾಗವನ್ನೆಲ್ಲ ಜಾವಾದ ಡಾಮ್ ಪಾರ್ಸರ್ ‘ಟೆಕ್ಸ್ಟ್’ ಅನ್ನುವ ಕೊಂಬೆ ಮಾಡಿ ಕೊಡುತ್ತದೆ. ನಾನು ಅದನ್ನೂ ಸೋಸಿರಲಿಲ್ಲ. ಮಾವ ಪಾಪ ಅವನ್ನೂ ಒತ್ತಿ ಒತ್ತಿ ನೋಡಿದ್ದರು, ಒಳಗೆ ಏನೂ ಇಲ್ಲ.

ಇನ್ನು ಕನ್ನಡದ ಕಥೆ. ಸಾಲಿನ ಎತ್ತರವನ್ನು ನಾನು ಇಂಗ್ಲಿಷ್ ಅಕ್ಷರದ ಅಳತೆಗೆ ಕಟ್ಟಿಹಾಕಿದ್ದೆ. ಇಂಗ್ಲಿಷ್ ಅಕ್ಷರ ಆ ಗೆರೆಯೊಳಗೆ ನಿಲ್ಲುತ್ತದೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಇಳಿದಿದ್ದೆಲ್ಲ ಕತ್ತರಿಸಿ ಹೋಗಿತ್ತು. ವಿಳಾಸದ ಸಾಲಿನಲ್ಲಿ ನಮ್ಮೂರು ‘ಮಿಶಿಕೋಟಿ’ ಆಗಿತ್ತು. ಫೈಲ್ ಒಳಗೆ ಸರಿಯಾಗೇ ಇತ್ತು, ಯೂನಿಕೋಡ್ ಕೂಡ ಸರಿ, ಪರದೆ ಮೇಲೆ ಮಾತ್ರ ರಕಾರದ ಒತ್ತು ಮಾಯ. ಮಿಶ್ರಿಕೋಟಿಯವನೇ ಬರೆದ ಪ್ರೋಗ್ರಾಮಿನಲ್ಲಿ ಮಿಶ್ರಿಕೋಟಿ ಹೆಸರು ಸರಿಯಾಗಿ ಬರಲಿಲ್ಲ. ಒಂದೇ ಒಂದು ಸಲ ಕನ್ನಡದ ಫೈಲ್ ಹಾಕಿ ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ಪರೀಕ್ಷೆ ಮಾಡಿದ್ದು ‘ಟೆಸ್ಟ್ 1’, ‘ಟೆಸ್ಟ್ 2’ ಅನ್ನುವ ಗಿರಾಕಿಗಳ ಮೇಲೆ.

ದೀಪಾವಳಿ ರಜೆಯ ಮೂರು ದಿನ ಅಂಗಡಿಯಲ್ಲೇ ಕೂತೆ. ಪ್ರೋಗ್ರಾಂ ತಿದ್ದಲು ಹಿಡಿದದ್ದು ಅರ್ಧ ದಿನ. ವೋಚರುಗಳನ್ನೆಲ್ಲ ಎಕ್ಸ್‌ಪಾತ್‌ನಿಂದ ಹೆಕ್ಕಿ, ಹೆಸರಿನ ಪ್ರಕಾರ ಗುಂಪು ಮಾಡಿ, ನಾಲ್ಕು ಕಾಲಂ: ಹೆಸರು, ಉದ್ರಿ, ಜಮಾ, ಬಾಕಿ. ಹೆಸರು ಒತ್ತಿದರೆ ತಾರೀಖಿನ ಪ್ರಕಾರ ಅವರ ಬಿಲ್ಲುಗಳು. ಮೈನಸ್ ಎಲ್ಲೂ ಇಲ್ಲ. ಉಳಿದ ಎರಡೂವರೆ ದಿನ ಹೋದದ್ದು ಮಾವನನ್ನು ಕೇಳೋದರಲ್ಲಿ, ಅವರು ಲೆಕ್ಕ ಹೇಗೆ ನೋಡ್ತಾರೆ ಅಂತ ಪಕ್ಕದಲ್ಲಿ ಕೂತು ನೋಡೋದರಲ್ಲಿ. ಒಂದೇ ಹೆಸರಿನ ಮೂವರು ರೈತರಿದ್ದಾರೆ, ಅವರನ್ನು ಮಾವ ತಂದೆಯ ಹೆಸರಿನಿಂದ ಗುರುತಿಸ್ತಾರೆ ಅನ್ನೋದು ನನಗೆ ತಿಳಿದದ್ದೇ ಆಗ. ಹೆಸರಿನ ಪ್ರಕಾರ ಗುಂಪು ಮಾಡಿದ ನನ್ನ ಹೊಸ ಕೋಷ್ಟಕವೂ ಅಲ್ಲಿ ತಪ್ಪಿತ್ತು, ಮತ್ತೆ ತಿದ್ದಿದೆ.

ನಾವು ಮರ ತೋರಿಸೋದು ಅದು ಒಳ್ಳೆಯದು ಅಂತಲ್ಲ, ಅದಕ್ಕೆ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ ಅಂತ. ಇಪ್ಪತ್ತು ಸಾಲು ಬರೆದು ಬಸ್ ಹತ್ತಬಹುದು. ಕೇಳದೇ ಇದ್ದದ್ದರ ಬೆಲೆಯನ್ನು ನಾನು ಕೊಡಲಿಲ್ಲ. ಚೀಟಿ ತೆಗೆದು ತೋರಿಸಬೇಕಾಗಿ ಬಂದ ಆ ಹಿರಿಯರು ಕೊಟ್ಟರು, ಅವರ ಮನೆ ಬಾಗಿಲಿಗೆ ಹೋಗಬೇಕಾದ ಮಾವ ಕೊಟ್ಟರು.

ಬೆಂಗಳೂರಿನಲ್ಲಿ ಕೂತು ಡೆಸ್ಕ್‌ಟಾಪ್ ಅಪ್ಲಿಕೇಶನ್ ಬರೆಯುವ ಗೆಳೆಯರೇ, ಮರ ಇರಲಿ. ಮೆನುವಿನ ಒಳಗೆ ಎಲ್ಲೋ ಒಂದು ಕಡೆ, ನಮಗಾಗಿ ಇರಲಿ. ಅದನ್ನೇ ಮೊದಲ ಪರದೆ ಮಾಡುವ ಮುಂಚೆ ಆ ಫೈಲಿನಲ್ಲಿ ಯಾರ ಹೆಸರಿದೆಯೋ, ಅದನ್ನು ಯಾರು ಓದಬೇಕೋ, ಅವರಲ್ಲಿ ಒಬ್ಬರಿಗಾದರೂ ಫೋನ್ ಮಾಡಿ.

ಒಂದು ಮಾತು ಉಳೀತು. ಇದನ್ನು ಟ್ರೀ ಅಂತಾರೆ ಮಾವಾ, ಮರ ಅಂದಾಗ ಅವರು ಜೋರಾಗಿ ನಕ್ಕಿದ್ದರು. ನಮ್ಮ ಕಡೆ ಟ್ರೀಗೆ ಗಿಡ ಅಂತಲೇ ಅನ್ನೋದು. ಮರ ಅಂದರೆ ಕಾಳು ಕೇರುವ ಮರ, ಬೆಂಗಳೂರಿನವರ ಮೊರ. ಹೊಸ ಪರದೆ ತೋರಿಸಿದಾಗ ಆ ಹಿರಿಯರ ಹೆಸರು ಒತ್ತಿದರು. ಉದ್ರಿ 4,500, ಜಮಾ 4,500, ಬಾಕಿ ಸೊನ್ನೆ. ಸ್ವಲ್ಪ ಹೊತ್ತು ನೋಡಿ ಅಂದರು:

“ಹಾಂ, ಈಗ ಮರ ಆತು. ಹೊಟ್ಟು ಬ್ಯಾರೆ, ಕಾಳು ಬ್ಯಾರೆ.”