ಅಂಪೈರನ ಕಣ್ಣು, ಚಿತ್ರದ ಸಾಕ್ಷಿ

ಬೇಸ್‌ಬಾಲ್ ಆಟವನ್ನು ನಾನು ಮೈದಾನದಲ್ಲಿ ಕುಳಿತು ನೋಡಿದವನಲ್ಲ. ಆದರೂ 2010ರ ಜೂನ್ 2ರ ಸಂಜೆ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ನಡೆದ ಒಂದು ಪ್ರಸಂಗದ ಚಿತ್ರವನ್ನು ಎಷ್ಟು ಸಲ ನೋಡಿದರೂ ನನ್ನ ಮನಸ್ಸು ಕಲಕದೆ ಇರುವುದಿಲ್ಲ.

ಆ ಆಟದಲ್ಲಿ ಚೆಂಡೆಸೆಯುವವನು, ಎದುರು ತಂಡದಿಂದ ಬ್ಯಾಟು ಹಿಡಿದು ಬಂದವರನ್ನು ಒಬ್ಬರಾದ ಮೇಲೊಬ್ಬರಂತೆ 27 ಸಲವೂ ಔಟ್ ಮಾಡಿ, ಯಾರಿಗೂ ಮೊದಲನೆಯ ಬೇಸ್ ಕೂಡ ದಕ್ಕದಂತೆ ನೋಡಿಕೊಂಡರೆ ಅದನ್ನು ಪರಿಪೂರ್ಣ ಆಟವೆನ್ನುತ್ತಾರೆ. ಮೇಜರ್ ಲೀಗಿನ ದೀರ್ಘ ಚರಿತ್ರೆಯಲ್ಲಿ ಅಂದಿನವರೆಗೆ ಹಾಗೆ ಆಡಿದವರು 20 ಮಂದಿ ಮಾತ್ರ. ಡೆಟ್ರಾಯಿಟ್ ಟೈಗರ್ಸ್ ತಂಡದ ಅರ್ಮಾಂಡೊ ಗಲರಾಗ ಅಂದು 26 ಸಲ ಗೆದ್ದಿದ್ದರು. ಇಪ್ಪತ್ತೇಳನೆಯವನು ಚೆಂಡನ್ನು ಹೊಡೆದು ಓಡಿದ. ಚೆಂಡು ಕೈಸೇರಿದ ಗಲರಾಗರ ಕಾಲು ಬೇಸನ್ನು ಮುಟ್ಟಿದ ಮೇಲೆಯೇ ಓಟಗಾರನ ಕಾಲು ಅಲ್ಲಿಗೆ ತಲುಪಿತು. ಆದರೆ ಅಂಪೈರ್ ಜಿಮ್ ಜಾಯ್ಸ್ ಎರಡು ಕೈಗಳನ್ನೂ ಚಾಚಿ 'ಸೇಫ್' ಎಂದುಬಿಟ್ಟರು.

ಮನೆಯಲ್ಲಿ ಕುಳಿತವರಿಗೆ ದೂರದರ್ಶನದಲ್ಲಿ ಕೂಡಲೆ ಸತ್ಯ ಕಂಡಿತು. ಆದರೆ 2008ರಲ್ಲಿ ಬಂದಿದ್ದ ನಿಯಮದಂತೆ ಹೋಮ್ ರನ್ನಿನ ಸಂದೇಹಗಳಿಗಷ್ಟೇ ಚಿತ್ರವನ್ನು ಮತ್ತೆ ನೋಡಬಹುದಾಗಿತ್ತು. ಜನರೆಲ್ಲ ಕಂಡ ಸತ್ಯ, ತೀರ್ಪು ಹೇಳಬೇಕಾದವರೊಬ್ಬರಿಗೆ ನಿಷಿದ್ಧವಾಯಿತು! ಆಟ ಮುಗಿದ ಮೇಲೆ ಚಿತ್ರ ನೋಡಿದ ಜಾಯ್ಸ್ ಕಣ್ಣೀರಿಟ್ಟು ಗಲರಾಗರ ಕ್ಷಮೆ ಬೇಡಿದರು. ಮರುದಿನ ಗಲರಾಗ ತಂಡದ ಪಟ್ಟಿಯನ್ನು ತಾವೇ ತಂದು ಅವರ ಕೈಗಿತ್ತರು. ಕಮಿಷನರ್ ಬಡ್ ಸೆಲಿಗ್ ಮಾತ್ರ ತೀರ್ಪನ್ನು ತಿದ್ದಲು ಒಪ್ಪಲಿಲ್ಲ.

ಮರುಚಿತ್ರಕ್ಕೆ ವಿರೋಧವಾಗಿರುವ ಮಿತ್ರರು ಈ ಪ್ರಸಂಗವನ್ನೇ ಎತ್ತಿ ಹೇಳುವುದುಂಟು: 'ಯಂತ್ರ ಆ ತಪ್ಪನ್ನು ತಿದ್ದಿದ್ದರೆ ಇಂಥ ಔದಾರ್ಯ ನಮಗೆ ಕಾಣಸಿಗುತ್ತಿತ್ತೆ?' ಮಾತು ಸೊಗಸಾಗಿದೆ, ಆದರೆ ನ್ಯಾಯವಾದುದಲ್ಲ. ನಮ್ಮ ಕಣ್ಣು ತೇವಗೊಳ್ಳಲೆಂದು ಒಬ್ಬನ ಜೀವಮಾನದ ಸಾಧನೆಯನ್ನು ಬಲಿಗೊಡಬಹುದೆ? ಅನ್ಯಾಯಕ್ಕೊಳಗಾದವನು ದೊಡ್ಡ ಮನಸ್ಸಿನವನಾಗಿದ್ದರೆ ಅದು ಅವನ ಗುಣ. ನಿಯಮಕ್ಕೆ ಅದರಿಂದ ಯಾವ ಗೌರವವೂ ಬರುವುದಿಲ್ಲ.

ಚಿತ್ರವನ್ನು ನೋಡಿದರೆ ಅಂಪೈರನ ಅಧಿಕಾರ ಕುಗ್ಗುವುದೆಂದು ಇನ್ನು ಕೆಲವರ ಅಳಲು. ನನಗೆ ಹಾಗೆ ತೋರುವುದಿಲ್ಲ. ಸಾಕ್ಷಿಯ ಮಾತು ಕೇಳಿದರೆ ನ್ಯಾಯಾಧೀಶನ ಘನತೆಗೆ ಕುಂದೆ? 2014ರಿಂದ ಮೇಜರ್ ಲೀಗಿನಲ್ಲಿ ತಂಡದ ಮ್ಯಾನೇಜರು ಇಂಥ ತೀರ್ಪನ್ನು ಪ್ರಶ್ನಿಸಬಹುದಾಯಿತು. ಆಗಲೂ ನ್ಯೂಯಾರ್ಕಿನಲ್ಲಿ ಕುಳಿತು ಚಿತ್ರವನ್ನು ಪರಿಶೀಲಿಸಿ ನಿರ್ಣಯ ಹೇಳುವವರು ಅಂಪೈರರೇ. ನಮಗೆ ಹೆಚ್ಚು ಪರಿಚಿತವಾದ ಕ್ರಿಕೆಟ್ಟಿನಲ್ಲಿಯೂ 1992ರ ಡರ್ಬನ್ ಟೆಸ್ಟಿನಲ್ಲಿ ಸಚಿನ್ ತೆಂಡೂಲ್ಕರ್ ರನ್ ಔಟಾದುದು ಚಿತ್ರ ನೋಡಿ ಕೊಟ್ಟ ತೀರ್ಪಿನಿಂದಲೇ. ಅದರಿಂದ ಕ್ರಿಕೆಟ್ಟೇನೂ ಕೆಡಲಿಲ್ಲ.

ಆಟದ ಓಟಕ್ಕೆ ಅಡ್ಡಿಯಾಗುವುದೆಂಬ ಆಕ್ಷೇಪಣೆಯಲ್ಲಿ ಹುರುಳುಂಟು. ಪ್ರತಿಯೊಂದು ಚೆಂಡಿಗೂ ಚಿತ್ರವನ್ನು ಬೇಡುತ್ತ ನಿಂತರೆ ಆಟ ವ್ಯಾಜ್ಯವಾದೀತು. ಆದುದರಿಂದ ಮೊದಲ ಮಾತು ಮೈದಾನದ ಅಂಪೈರನದೇ ಆಗಿರಲಿ. ಪ್ರಶ್ನಿಸುವ ಅವಕಾಶಕ್ಕೆ ಮಿತಿಯಿರಲಿ. ಆದರೆ ಅವಕಾಶವೇ ಇಲ್ಲದಿರುವುದು ಬೇಡ.

ಈ ವಿಚಾರದಲ್ಲಿ ನಾನು ಗಲರಾಗರಿಗಿಂತ ಹೆಚ್ಚಾಗಿ ಜಾಯ್ಸರನ್ನು ನೆನೆಯುತ್ತೇನೆ. ಅವರು ಪಕ್ಷಪಾತಿಯಲ್ಲ, ಅಸಮರ್ಥರೂ ಅಲ್ಲ. ಅವರ ಕಣ್ಣು ತಪ್ಪಿದ್ದು ಒಂದು ಕ್ಷಣ. ಮೈದಾನದಲ್ಲಿಯೇ ಆ ಚಿತ್ರವನ್ನು ನೋಡಗೊಟ್ಟಿದ್ದರೆ ಎರಡು ನಿಮಿಷಗಳಲ್ಲಿ ತಿದ್ದಿಹೋಗುತ್ತಿದ್ದ ತಪ್ಪನ್ನು ಅವರು ಅಂದು ಮನೆಗೆ ಹೊತ್ತುಕೊಂಡು ಹೋಗಬೇಕಾಯಿತು.