ಆದಿತ್ಯವಾರದ ಉದ್ಯೋಗ: ಕಾಫಿ ಹುರಿಯುವದು

ಬೆಳಗಿನ ಕಾಫಿಯಿಲ್ಲದೆ ದಿನವನ್ನಾರಂಭಿಸದ ಸುಶಿಕ್ಷಿತರು ನಮ್ಮ ಪಟ್ಟಣಗಳಲ್ಲಿ ಅನೇಕರಿರುವರು. ಆದರೆ ತಾವು ಕುಡಿಯುವ ಪುಡಿಯು ಎಂದು ಹುರಿದದ್ದು, ಅದರಲ್ಲಿ ಚಿಕೋರಿಯ ಪಾಲೆಷ್ಟು ಎಂದು ವಿಚಾರಿಸುವವರು ವಿರಳ. ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಕರ್ನಾಟಕದಲ್ಲಿಯೇ, ಮುಖ್ಯವಾಗಿ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ, ಬೆಳೆಯುತ್ತದೆ. ದೇಶದ ಬೆಳೆಯ ಬಹುಭಾಗವು ಕಡಲು ದಾಟಿ ಹೋಗುತ್ತದೆ. ಬೆಳೆಯೂ ನಮ್ಮದು, ಕುಡಿಯುವ ಬಾಯಿಯೂ ನಮ್ಮದು; ನಡುವಿನ ಕೆಲಸದಲ್ಲಿ ಮಾತ್ರ ನಮ್ಮ ಕೈ ಚಿಕ್ಕದು.

ಈ ಕೈಯನ್ನು ದೊಡ್ಡದು ಮಾಡಲು ಕಾರಖಾನೆಯೇ ಬೇಕೆಂದು ಭಾವಿಸುವದು ತಪ್ಪು. ಓದಿದವನು ತಕ್ಕಡಿ ಹಿಡಿಯಬಾರದೆಂಬ ಹುಸಿ ಮಾನವು ಒಂದು ದೋಷವಾದರೆ, ಇದ್ದ ನೌಕರಿಯನ್ನು ಬಿಟ್ಟು, ಸಾಲ ತೆಗೆದು, ಮೊದಲ ದಿನವೇ ಲಕ್ಷಾಂತರ ರೂಪಾಯಿಯ ಯಂತ್ರ ತರುವ ಆತುರವು ಅದಕ್ಕಿಂತ ದೊಡ್ಡ ದೋಷ. ನಮ್ಮ ಅಭಿಪ್ರಾಯದಲ್ಲಿ ಈ ಉದ್ಯೋಗವನ್ನು ಆದಿತ್ಯವಾರದ ಉದ್ಯೋಗವಾಗಿಯೇ ಆರಂಭಿಸತಕ್ಕದ್ದು. ಸಾಲವಿಲ್ಲದೆ ನಿಂತರೆ ಬೆಳೆಯಲಿ. ನಿಲ್ಲದಿದ್ದರೆ ಮನೆ ಮುಳುಗದಿರಲಿ.

1942ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರನು ಬಹುಕಾಲ ತನ್ನ ಕಾಫಿಯನ್ನು ಮಂಡಳಿಯ ಒಟ್ಟು ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಿತು. ಆದಕಾರಣ ಇಂದು ಹತ್ತು ಕಿಲೋ ಬೇಕಾದವನೂ ತೋಟದವರಿಂದ ನೇರವಾಗಿ ಬೀಜ ಕೊಳ್ಳಬಹುದು. ಹಸಿ ಬೀಜವನ್ನು ತೇವ ತಗಲದಂತೆ ಕಾಪಾಡಿದರೆ ಅದು ತಿಂಗಳುಗಟ್ಟಲೆ ಕೆಡದು; ಹುರಿದ ಬೀಜದ ಪರಿಮಳವು ಕೆಲವು ವಾರಗಳದು; ಬೀಸಿದ ಪುಡಿಯದು ಕೆಲವೇ ದಿನಗಳದು. ಚಿಕ್ಕ ವ್ಯಾಪಾರಿಯ ಬಲವೆಲ್ಲ ಈ ಒಂದು ಮಾತಿನಲ್ಲಿದೆ. ದೊಡ್ಡ ಕಂಪನಿಯು ಹುರಿದು, ಗೋದಾಮಿನಲ್ಲಿಟ್ಟು, ಊರೂರಿಗೆ ಕಳಿಸಬೇಕು. ಇವನಾದರೋ ಆದಿತ್ಯವಾರ ಹುರಿದುದನ್ನು ಬುಧವಾರದೊಳಗೆ ಓಣಿಯವರ ಮನೆ ಮುಟ್ಟಿಸಬಲ್ಲನು.

ಸಾಹಿತ್ಯವು ಸ್ವಲ್ಪವೇ ಸಾಕು: ದಪ್ಪ ಕಬ್ಬಿಣದ ಬಾಣಲೆ, ಅಥವಾ ಒಲೆಯ ಮೇಲೆ ಕೈಯಿಂದ ತಿರುಗಿಸುವ ಉರುಳೆ, ಒಂದು ಮೊರ, ಒಂದು ಜರಡಿ, ನಂಬಿಗೆಯ ತಕ್ಕಡಿ, ಗಡಿಯಾರ, ಒಂದು ವಹಿ. ಒಂದು ಸಲಕ್ಕೆ ಕಾಲು ಕಿಲೋ ಮೀರದಿರಲಿ. ಬೀಜವು ಮೊದಲು ಹಳದಿಗೆ ತಿರುಗಿ, ರೊಟ್ಟಿ ಬೇಯುವಂಥ ವಾಸನೆ ಕೊಡುವದು. ಶಾಖವು 200 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಬಂದಾಗ ಚಟಪಟನೆ ಸಿಡಿಯುವದು. ಅದಾದ ತರುವಾಯ ಒಂದೊಂದು ನಿಮಿಷವೂ ರುಚಿಯನ್ನು ಬದಲಿಸುವದರಿಂದ ಕಣ್ಣು, ಕಿವಿ, ಮೂಗು ಮೂರೂ ಎಚ್ಚರವಾಗಿರಬೇಕು. ಇಳಿಸಿದ ಕೂಡಲೆ ಮೊರದಲ್ಲಿ ಹರವಿ, ಗಾಳಿ ಹಾಕಿ, ನಾಲ್ಕೈದು ನಿಮಿಷದೊಳಗೆ ಆರಿಸಬೇಕು. ಇಲ್ಲವಾದರೆ ಒಳಗಿನ ಬಿಸಿಯಲ್ಲಿಯೇ ಬೀಜವು ಹುರಿಯುತ್ತ ಹೋಗುವದು. ಹೊಗೆಯೂ ಉದುರುವ ಸಿಪ್ಪೆಯೂ ಬಹಳ. ಸಿಪ್ಪೆಗೆ ಬೆಂಕಿ ಬೇಗ ಹತ್ತುವದು. ಗಾಳಿಯಾಡುವ ಹಿತ್ತಲಲ್ಲಿ ಹುರಿಯಬೇಕು, ಒಲೆ ಬಿಟ್ಟು ಏಳಕೂಡದು. ಹಿಟ್ಟಿನ ಗಿರಣಿಯಲ್ಲಿ ಮಾತ್ರ ಎಂದಿಗೂ ಬೀಸಿಸಬೇಡಿರಿ. ಮೆಣಸಿನಕಾಯಿಯ ಘಾಟು ಕಾಫಿಗೆ ಹತ್ತಿದರೆ ಗಿರಾಕಿಯು ಮರಳಿ ಬಾರನು.

ಸುಶಿಕ್ಷಿತರೂ ಎಡವುವದು ಲೆಕ್ಕದಲ್ಲಿ. ಹುರಿಯುವಾಗ ಬೀಜದ ತೂಕದಲ್ಲಿ ಶೇಕಡಾ 15ರಿಂದ 20ರ ವರೆಗೆ ಇಳಿಯುವದು. ಹಸಿ ಬೀಜಕ್ಕೆ ಕಿಲೋಗೆ 500 ರೂಪಾಯಿ ಎಂದು ಲೆಕ್ಕದ ಸಲುವಾಗಿ ಹಿಡಿಯಿರಿ. ಹತ್ತು ಕಿಲೋಗೆ 5000 ರೂಪಾಯಿ. ಕೈಗೆ ಬರುವದು 8.3 ಕಿಲೋ ಎಂದರೆ ಕಿಲೋಗೆ 602 ರೂಪಾಯಿ ಬಿತ್ತು. ಇದರ ಮೇಲೆ ಇಂಧನ, ಚೀಲ, ಸೀದು ಕೆಟ್ಟ ಪಾಲು, ಕೊನೆಗೆ ತನ್ನ ದುಡಿಮೆಯ ಕೂಲಿ. 500ರ ಮೇಲೆ ನೂರು ರೂಪಾಯಿ ಲಾಭವಿಟ್ಟು ಮಾರಿದವನು ಬಂಡವಲವನ್ನೇ ತಿನ್ನುತ್ತಿರುವನು. ಮೊದಲ ಎರಡು ತಿಂಗಳು ಮಾರದೆ, ಪ್ರತಿಯೊಂದು ಹುರಿತದ ತೂಕ, ವೇಳೆ, ರುಚಿಗಳನ್ನು ವಹಿಯಲ್ಲಿ ಬರೆದಿಡುವದೇ ಮೇಲು. ಕಾಫಿ ಮಂಡಳಿಯು ಬೆಂಗಳೂರಿನಲ್ಲಿ ಕಾಫಿಶಾಸ್ತ್ರವೆಂಬ ಶಿಕ್ಷಣವನ್ನು ನಡೆಸುತ್ತ ಬಂದಿದೆ. ಸಾಧ್ಯವಿದ್ದವರು ಅದರ ಪ್ರಯೋಜನ ಪಡೆಯಲಿ.

ಮಾರುವ ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಹೆಸರು ನೋಂದಿಸಬೇಕು. ಚಿಕೋರಿ ಬೆರೆಸಿದರೆ ಅದರ ಪ್ರಮಾಣವನ್ನು ಪೊಟ್ಟಣದ ಮೇಲೆ ಕಾಣುವಂತೆ ಬರೆಯಬೇಕು. ಮಿಶ್ರಣದಲ್ಲಿ ಕಾಫಿಯು ಶೇಕಡಾ 51ಕ್ಕಿಂತ ಕಡಿಮೆಯಾಗಕೂಡದು. ಚಿಕೋರಿಯನ್ನು ನಾವು ನಿಂದಿಸುವದಿಲ್ಲ. ಕೇಳಿದವನಿಗೆ ಕೊಡುವದು ವ್ಯಾಪಾರ, ಹೇಳದೆ ಕೊಡುವದು ಮೋಸ. ಸರಕಾರಿ ಶಾಲೆಗಳ ಉಪಾಧ್ಯಾಯರಿಗೆ ಇನ್ನೊಂದು ಮಾತು: ಸೇವಾನಿಯಮಗಳು ಸ್ವಂತ ವ್ಯಾಪಾರವನ್ನು ನಿರ್ಬಂಧಿಸಿವೆ, ಅದನ್ನು ವಿಚಾರಿಸದೆ ಬಾಣಲೆಗೆ ಕೈಯಿಡಬಾರದು.

ಇದರಿಂದ ಯಾರೂ ಕೋಟ್ಯಧೀಶರಾಗಲಾರರು. ಆದರೆ ಹುರಿದ ತಾರೀಖನ್ನು ಪೊಟ್ಟಣದ ಮೇಲೆ ಧೈರ್ಯದಿಂದ ಬರೆಯುವ ಒಬ್ಬ ಮನುಷ್ಯನು ಓಣಿಯಲ್ಲಿದ್ದರೆ, ತಾರೀಖು ಕೇಳುವ ಅಭ್ಯಾಸವು ಐವತ್ತು ಮನೆಗಳಿಗೆ ಹತ್ತುವದು. ಆಗ ದೊಡ್ಡ ಅಂಗಡಿಯವನೂ ಉತ್ತರ ಹೇಳಬೇಕಾಗುವದು. ವಾಚಕ ಮಹಾಶಯರೇ, ಕಾಲು ಕಿಲೋ ಬೀಜ, ಮನೆಯ ಬಾಣಲೆ, ಬರುವ ಆದಿತ್ಯವಾರ ಇಷ್ಟು ಸಾಕು. ಮಿಕ್ಕುದನ್ನು ಅನುಭವವೇ ಕಲಿಸುವದು.